ಶ್ರೀಪೆರುಂಬುದೂರಿನ ಎರಡು ಪ್ರದಕ್ಷಿಣೆ

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ, ಚೆನ್ನೈ ಇನ್ನು ಸುಮಾರು 40 ಕಿ.ಮೀ. ಇದೆ ಎನ್ನುವಾಗ ಶ್ರೀಪೆರುಂಬುದೂರು ಎಂಬ ಊರು ಸಿಗುತ್ತದೆ. ಈ ಊರಿಗೆ ಎರಡು ಬಗೆಯ ಯಾತ್ರಿಕರು ಬರುತ್ತಾರೆ. ಒಂದು ಬಗೆಯವರು ಹೂವು, ತುಳಸಿ ಹಿಡಿದು ದೇವಸ್ಥಾನದ ಬೀದಿಗೆ ತಿರುಗುತ್ತಾರೆ. ಇನ್ನೊಂದು ಬಗೆಯವರು ಹೆಲ್ಮೆಟ್ ಹಿಡಿದು ಇನ್ನೂ ಸ್ವಲ್ಪ ಮುಂದೆ ಇರುಂಗಾಟ್ಟುಕೋಟ್ಟೈ ಎಂಬಲ್ಲಿರುವ ಕಾರ್ ರೇಸಿನ ಟ್ರ್ಯಾಕಿಗೆ ಹೋಗುತ್ತಾರೆ. ಒಂದೇ ಕಾರಿನಲ್ಲಿ ಎರಡೂ ಬಗೆಯವರು ಬರುವುದು ಅಪರೂಪ. ಕಳೆದ ಸಂಕ್ರಾಂತಿ ಕಳೆದ ಮೇಲೆ ನಾವು ಹಾಗೆ ಹೋಗಿದ್ದೆವು.

ನಮ್ಮ ತಂಡದಲ್ಲಿ ನಾಲ್ವರು. ಪಾಂಡವಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದ ನಾನು. ಮೇಲುಕೋಟೆಯ ಚೆಲುವನಾರಾಯಣನನ್ನು ಮನೆದೇವರಾಗಿ ನಂಬಿದ ನಮ್ಮನೆಯವರು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು. ಏಳನೇ ತರಗತಿಯ ಮೊಮ್ಮಗ. ಕಾರು ಓಡಿಸುವವಳು ಮಗಳು. ಹೆದ್ದಾರಿಯಲ್ಲೂ ಅವಳೇ, ಟ್ರ್ಯಾಕಿನಲ್ಲೂ ಅವಳೇ.

ಅವಳಿಗೆ ಈ ಹುಚ್ಚು ಹಿಡಿದು ಒಂದು ವರ್ಷವಾಗಿತ್ತು. ರೇಸ್ ಇಲ್ಲದ ದಿನಗಳಲ್ಲಿ ಶುಲ್ಕ ಕಟ್ಟಿಸಿಕೊಂಡು, ಮಾರ್ಗದರ್ಶಕರನ್ನು ಇಟ್ಟು, ಸಾಮಾನ್ಯ ಜನರಿಗೂ ತಮ್ಮ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುತ್ತಾರೆ. ಅದಕ್ಕೆ 'ಟ್ರ್ಯಾಕ್ ಡೇ' ಎನ್ನುತ್ತಾರೆ. ಅಲ್ಲಿ ಪಂದ್ಯವಿಲ್ಲ, ಬಹುಮಾನವಿಲ್ಲ, ಕಲಿಕೆ ಮಾತ್ರ. ಇದನ್ನು ಎಷ್ಟು ಬಿಡಿಸಿ ಹೇಳಿದರೂ ಅವಳ ಅಮ್ಮನಿಗೆ ಸಮಾಧಾನವಿರಲಿಲ್ಲ. ಕೊನೆಗೆ ಹಬ್ಬದ ದಿನ ಎಳ್ಳುಬೆಲ್ಲ ಕೊಡುತ್ತಲೇ ತೀರ್ಮಾನ ಹೇಳಿಬಿಟ್ಟರು: "ನೀನು ಹೆಂಗೆ ಓಡಿಸ್ತೀಯ ಅಂತ ಮೊದಲಿಂದ ಕೊನೇವರೆಗೂ ನಂಗೆ ತೋರಿಸು. ನೋಡಿ ನನ್ನ ಎದೆ ಒಪ್ಪಿದ್ರೆ ಸರಿ. ಒಪ್ಪಲಿಲ್ಲ ಅಂದ್ರೆ ಇದೇ ಕೊನೆ." ಮಗಳು ಒಪ್ಪಿದಳು. ತೋರಿಸುವ ಕೆಲಸ ಮೊಮ್ಮಗನ ಪಾಲಿಗೆ ಬಂತು. ಅವನ ಬಳಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಆ್ಯಕ್ಷನ್ ಕ್ಯಾಮೆರಾ ಇತ್ತು.

ದಾರಿಯುದ್ದಕ್ಕೂ

ಬೆಂಗಳೂರಿನಿಂದ ಶ್ರೀಪೆರುಂಬುದೂರಿಗೆ ಸುಮಾರು 300 ಕಿ.ಮೀ. ಹೊಸೂರು, ಕೃಷ್ಣಗಿರಿ, ಆಂಬೂರು, ವೆಲ್ಲೂರು, ರಾಣಿಪೇಟೆ, ಕಾಂಚೀಪುರದ ತಿರುವು ದಾಟಿದರೆ ಊರು ಬಂತು. ಕೃಷ್ಣಗಿರಿ ಮಾವಿನ ಸೀಮೆ. ಬೇಸಿಗೆಯಲ್ಲಿ ಹೋದರೆ ರಸ್ತೆ ಬದಿಯಲ್ಲೇ ರಾಶಿ ನೋಡಬಹುದು. ವೆಲ್ಲೂರಿನ ಕೋಟೆಯ ಮುಂದೆ ನಾವು ಕಾಫಿಗೆ ನಿಂತೆವು. ಮಕ್ಕಳೇ, ಈ ಕೋಟೆಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ನಂಟಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದ ಮೇಲೆ ಆತನ ಮಕ್ಕಳನ್ನೂ ಮನೆಯವರನ್ನೂ ಬ್ರಿಟಿಷರು ಇಲ್ಲಿಯೇ ತಂದು ಇರಿಸಿದ್ದರು. 1806ರಲ್ಲಿ ಇದೇ ಕೋಟೆಯಲ್ಲಿ ಭಾರತೀಯ ಸಿಪಾಯಿಗಳು ದಂಗೆ ಎದ್ದರು. 1857ಕ್ಕೂ ಅರ್ಧ ಶತಮಾನ ಮೊದಲಿನ ಮಾತು ಅದು.

ಶ್ರೀಪೆರುಂಬುದೂರಿಗೆ ಸಂಜೆ ತಲುಪಿದೆವು. ಮೊದಲ ಪ್ರದಕ್ಷಿಣೆ ನಮ್ಮನೆಯವರದು. ಇಲ್ಲಿನ ಆದಿಕೇಶವ ಪೆರುಮಾಳ್ ದೇವಸ್ಥಾನ ಶ್ರೀರಾಮಾನುಜಾಚಾರ್ಯರ ಹುಟ್ಟೂರಿನ ಗುಡಿ. ಅವರು 1017ರಲ್ಲಿ ಇಲ್ಲಿ ಹುಟ್ಟಿದರು ಎನ್ನುತ್ತದೆ ಸಂಪ್ರದಾಯ. ಮುಂದೆ ನಮ್ಮ ಮೇಲುಕೋಟೆಗೆ ಬಂದು, ಹನ್ನೆರಡು ವರ್ಷ ಇದ್ದು, ಚೆಲುವನಾರಾಯಣನ ಪೂಜೆಯನ್ನು ವ್ಯವಸ್ಥೆ ಮಾಡಿದರು ಎಂಬುದು ಮಂಡ್ಯ ಸೀಮೆಯ ಪ್ರತಿ ಮನೆಯೂ ಬಲ್ಲ ಮಾತು.

ಈ ಗುಡಿಯಲ್ಲಿ ರಾಮಾನುಜರ ಒಂದು ಮೂರ್ತಿಯಿದೆ. ಶಿಷ್ಯರು ಅದನ್ನು ಮಾಡಿಸಿದಾಗ ಆಚಾರ್ಯರು ಬದುಕಿದ್ದರು. ತಾವೇ ನೋಡಿ ಮೆಚ್ಚಿದರು. ಅದಕ್ಕೆ ಇದನ್ನು 'ತಾನು ಮೆಚ್ಚಿದ ರೂಪ' ಎಂಬರ್ಥದ ತಮಿಳು ಹೆಸರಿನಿಂದ ಕರೆಯುತ್ತಾರೆ. ಮೇಲುಕೋಟೆಯಲ್ಲಿರುವುದು 'ತನ್ನವರು ಮೆಚ್ಚಿದ ರೂಪ'. ಆಚಾರ್ಯರು ಮೇಲುಕೋಟೆ ಬಿಟ್ಟು ಹೊರಟಾಗ, ಕಣ್ಣೆದುರಿಗೆ ಅವರು ಇಲ್ಲದೆ ಇರಲಾರೆವು ಎಂದ ಭಕ್ತರಿಗಾಗಿ ಮಾಡಿಸಿದ್ದು ಅದು. ಶ್ರೀರಂಗದಲ್ಲಿರುವುದು ಮೂರನೆಯದು, 'ತಾನೇ ಆದ ರೂಪ'.

ಇದನ್ನು ಕೇಳಿದ ಮೊಮ್ಮಗ, "ಹಾಗಾದ್ರೆ ಆಗ ಕ್ಯಾಮೆರಾ ಇರ್ಲಿಲ್ಲ, ಅದಕ್ಕೇ ಮೂರ್ತಿ ಮಾಡ್ಸಿದ್ರು, ಅಲ್ವಾ ಅಜ್ಜಿ?" ಎಂದ. ಅಜ್ಜಿ ಗದರಲಿಲ್ಲ. "ಹೂಂ ಕಣೋ. ದೂರ ಇರೋರು ಹೆಂಗಿದ್ದಾರೆ ಅಂತ ಕಣ್ಣಿಗೆ ಕಾಣ್ಬೇಕು. ಇಲ್ದಿದ್ರೆ ಮನಸ್ಸು ಏನೇನೋ ಅಂದ್ಕೊಳ್ಳುತ್ತೆ" ಎಂದರು. ಮಗಳು ನನ್ನ ಮುಖ ನೋಡಿದಳು.

ಇದೇ ಊರಿನಲ್ಲಿ 1991ರ ಮೇ 21ರಂದು ಮಾಜಿ ಪ್ರಧಾನಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಹೆದ್ದಾರಿಯ ಬದಿಯಲ್ಲಿ ಅವರ ಸ್ಮಾರಕವಿದೆ. ಅಲ್ಲಿಯೂ ಒಂದು ಗಳಿಗೆ ನಿಂತು ವಸತಿಗೃಹಕ್ಕೆ ಹೋದೆವು.

ಹನ್ನೆರಡು ತಿರುವುಗಳ ಬಯಲು

ಮದ್ರಾಸಿನಲ್ಲಿ ಕಾರ್ ರೇಸ್ ಹೊಸದೇನಲ್ಲ. ಅಲ್ಲಿನ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಹುಟ್ಟಿದ್ದು 1953ರಲ್ಲಿ. ಆಗ ರೇಸ್ ನಡೆಯುತ್ತಿದ್ದದ್ದು ಊರಿನ ಉತ್ತರಕ್ಕಿರುವ ಷೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ಹಳೆಯ ವಿಮಾನ ಓಡುದಾರಿಯ ಮೇಲೆ. ನಮ್ಮ ವಯಸ್ಸಿನವರಿಗೆ ಆ ಹೆಸರು ನೆನಪಿರಬಹುದು. ಆಮೇಲೆ ಕ್ಲಬ್ಬಿನವರು ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿಗೆಂದೇ ಟ್ರ್ಯಾಕ್ ಕಟ್ಟಿದರು. ಅದು 1990ರಲ್ಲಿ ಬಳಕೆಗೆ ಬಂತು. ಉದ್ದ 3.7 ಕಿ.ಮೀ., ತಿರುವುಗಳು 12. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ, 2005ರಲ್ಲಿ ಆ ಸಾಲಿಗೆ ಸೇರಿದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಅವರ ಚಕ್ರಗಳೂ ಈ ಡಾಂಬರಿನ ಮೇಲೆ ಓಡಿವೆ. ನೆರೆಯಲ್ಲೇ ಹುಂಡೈ ಕಾರಿನ ದೊಡ್ಡ ಕಾರ್ಖಾನೆ. ಒಂದು ಕಡೆ ಕಾರು ಹುಟ್ಟುತ್ತದೆ, ಇನ್ನೊಂದು ಕಡೆ ಕಾರು ಓಡುವುದನ್ನು ಕಲಿಯುತ್ತದೆ!

ಬೆಳಗಿನ ಏಳು ಗಂಟೆಗೆ ನಾವು ಒಳಗೆ ಹೋದಾಗ ಇಬ್ಬನಿ ಇನ್ನೂ ಹುಲ್ಲಿನ ಮೇಲಿತ್ತು. ಇಪ್ಪತ್ತು, ಇಪ್ಪತ್ತೈದು ಕಾರುಗಳು ಸಾಲಾಗಿ ನಿಂತಿದ್ದವು. ಅರ್ಧಕ್ಕರ್ಧ ಬೆಂಗಳೂರಿನ ನೋಂದಣಿಯವು. 'ಎಲ್ಲಿಂದ ಬಂದ್ರಿ ಸರ್' ಎಂದು ಕನ್ನಡದಲ್ಲೇ ಮಾತಾಡಿಸಿದವರು ಹಲವರು. ಎಲ್ಲರೂ ತಮ್ಮ ಕಾರುಗಳನ್ನು ಖಾಲಿ ಮಾಡುತ್ತಿದ್ದರು. ನೀರಿನ ಬಾಟಲಿ, ನಾಣ್ಯ, ಕಾಲೊರಸು, ಡ್ಯಾಶ್‌ಬೋರ್ಡಿನ ಮೇಲಿನ ಗಣಪ, ಡಿಕ್ಕಿಯಲ್ಲಿನ ಸ್ಟೆಪ್ನಿ, ಜಾಕ್ ಎಲ್ಲ ಹೊರಗೆ. ನಮ್ಮನೆಯವರಿಗೆ ಗಣಪನನ್ನು ತೆಗೆದದ್ದು ಹಿಡಿಸಲಿಲ್ಲ. ತಮ್ಮ ಮಡಿಲಿನಲ್ಲಿ ಇಟ್ಟುಕೊಂಡರು.

ಕಾರಣ ಸರಳ. ಬಸ್ಸು ಗಕ್ಕನೆ ನಿಂತರೆ ನಾವು ಮುಂದಕ್ಕೆ ವಾಲುತ್ತೇವಲ್ಲ? ಬಸ್ಸು ನಿಂತಿದೆ, ನಮ್ಮ ದೇಹ ನಿಂತಿಲ್ಲ. ಇದು ಜಡತ್ವ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಮ್ಮೆಲೆ ನಿಂತರೆ, ಒಳಗೆ ಕಟ್ಟದೆ ಬಿಟ್ಟ ವಸ್ತು ಸೆಕೆಂಡಿಗೆ ಸುಮಾರು 28 ಮೀಟರ್ ವೇಗದಲ್ಲಿ ಮುಂದೆ ಹಾರುತ್ತದೆ. ಅದು ಗಣಪನೋ, ನೀರಿನ ಬಾಟಲಿಯೋ, ಕ್ಯಾಮೆರಾವೋ ಎಂದು ಜಡತ್ವ ನೋಡುವುದಿಲ್ಲ. ಕ್ಯಾಮೆರಾ ಕಟ್ಟುವುದೂ ಈ ಲೆಕ್ಕದಿಂದಲೇ ಶುರುವಾಗಬೇಕು. ಚಿತ್ರ ಚೆನ್ನಾಗಿ ಬರುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಕಿತ್ತು ಬಂದು ಅಮ್ಮನಿಗೆ ತಗಲುವುದಿಲ್ಲ ತಾನೆ ಎಂಬುದು ಮೊದಲನೆಯದು.

ಎಲ್ಲಿ ಕಟ್ಟುವುದು?

ಓಡುವ ಕಾರಿನೊಳಗಿಂದ ಲೋಕವನ್ನು ತೋರಿಸುವ ಆಸೆ ಹಳೆಯದು. 1979ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್ ಎಂಬ ಊರಿನ ಬೆಟ್ಟದ ರೇಸಿನಲ್ಲಿ, ಅಲ್ಲಿನ ಒಂದು ಟಿ.ವಿ. ವಾಹಿನಿ ಕಾರಿನೊಳಗೆ ಕ್ಯಾಮೆರಾ ಇಟ್ಟು ನೇರ ಪ್ರಸಾರ ಮಾಡಿತು. ಇಂದು ಮಕ್ಕಳ ಕೈಗೂ ಸಿಗುವ ಪುಟ್ಟ ಕ್ಯಾಮೆರಾದ ಕಥೆ ಕಡಲಿನಿಂದ ಶುರುವಾಗುತ್ತದೆ. ಅಮೆರಿಕದ ನಿಕ್ ವುಡ್‌ಮನ್ ಎಂಬ ಯುವಕನಿಗೆ ಅಲೆಗಳ ಮೇಲೆ ಹಲಗೆ ಸವಾರಿ ಮಾಡುವ ಹವ್ಯಾಸ. ಸವಾರಿ ಮಾಡುತ್ತಲೇ ಫೋಟೋ ತೆಗೆಯಲು ಮಣಿಕಟ್ಟಿಗೆ ಕ್ಯಾಮೆರಾ ಕಟ್ಟುವ ಪಟ್ಟಿಯ ಯೋಚನೆ ಅವನಿಗೆ ಬಂತು. 2002ರಲ್ಲಿ ಕಂಪನಿ ಕಟ್ಟಿ, 2004ರಲ್ಲಿ ಮೊದಲ ಗೋಪ್ರೊ ಮಾರಿದ. ಅದು ಫಿಲ್ಮ್ ರೀಲ್ ಹಾಕುವ ಕ್ಯಾಮೆರಾ! ನಮ್ಮ ಕಾಲದ ಮದುವೆ ಫೋಟೋಗ್ರಾಫರ್ ಹಾಕುತ್ತಿದ್ದ ಅದೇ 35 ಎಂ.ಎಂ. ರೀಲು.

ಮೊಮ್ಮಗ ವಾರದ ಮೊದಲೇ ನಮ್ಮ ಮನೆಯ ಮುಂದೆ ನಿಂತ ಕಾರಿನಲ್ಲಿ ನಾಲ್ಕು ಜಾಗ ಪರೀಕ್ಷೆ ಮಾಡಿದ್ದ. ಒಂದೊಂದರಲ್ಲೂ ಒಂದು ನಿಮಿಷ ಚಿತ್ರ ತೆಗೆದು ಹಾಳೆಯಲ್ಲಿ ಬರೆದುಕೊಂಡಿದ್ದ.

ಮುಂದಿನ ಗಾಜಿನ ಮೇಲೆ ಅಂಟು ಬಟ್ಟಲಿನಿಂದ ಕೂರಿಸಿದರೆ ರಸ್ತೆ ಚೆನ್ನಾಗಿ ಕಾಣುತ್ತದೆ, ಆದರೆ ಓಡಿಸುವವರ ಕೈ ಕಾಣುವುದಿಲ್ಲ. ಬಿಸಿಲಿಗೆ ಗಾಜು ಕಾದರೆ ಬಟ್ಟಲಿನ ಹಿಡಿತವೂ ಸಡಿಲವಾಗಬಹುದು. ಹೊರಗೆ ಬಾನೆಟ್ಟಿನ ಮೇಲೆ ಇಟ್ಟರೆ ವೇಗ ಭರ್ಜರಿಯಾಗಿ ಕಾಣುತ್ತದೆ. ಆದರೆ ಕಾರಿನ ಹೊರಗೂ ಹೆಲ್ಮೆಟ್ಟಿನ ಮೇಲೂ ಕ್ಯಾಮೆರಾ ಕೂಡದು ಎಂಬುದು ಅಂದಿನ ಆಯೋಜಕರ ನಿಯಮ. ಹೊರಗಿನದು ಕಳಚಿ ಬಿದ್ದರೆ ಹಿಂದೆ ಬರುವವರಿಗೆ ಅಪಾಯ. ಹೆಲ್ಮೆಟ್ಟಿನದು ಪೆಟ್ಟಾದಾಗ ತಲೆಗೇ ಒತ್ತುತ್ತದೆ. ಉಳಿದದ್ದು ನಾಲ್ಕನೆಯ ಜಾಗ: ಪಕ್ಕದ ಸೀಟಿನ ಹೆಡ್‌ರೆಸ್ಟ್ ನಿಂತಿರುವ ಎರಡು ಉಕ್ಕಿನ ಕಂಬಿ. ಅದಕ್ಕೆ ಕ್ಲ್ಯಾಂಪ್ ಬಿಗಿದು, ಓಡಿಸುವವರ ಭುಜದ ಎತ್ತರಕ್ಕೆ ಕ್ಯಾಮೆರಾ ಮುಂದೆ ನೋಡುವಂತೆ ಕೂರಿಸಿದರೆ, ಒಂದೇ ಚೌಕಟ್ಟಿನಲ್ಲಿ ಎರಡು ಕೈ, ಸ್ಟೀರಿಂಗು, ಮುಂದಿನ ಗಾಜು, ಅದರಾಚೆ ರಸ್ತೆ ಎಲ್ಲವೂ ಬರುತ್ತವೆ. ಅಜ್ಜಿಗೆ ನೋಡಬೇಕಾದದ್ದೂ ಅದೇ.

ಕ್ಲ್ಯಾಂಪಿನ ಜೊತೆಗೆ ಇನ್ನೊಂದು ಗಟ್ಟಿ ದಾರವನ್ನು ಕ್ಯಾಮೆರಾದಿಂದ ಕಂಬಿಗೆ ಬೇರೆಯಾಗಿ ಕಟ್ಟಬೇಕು. ಒಂದು ಕಿತ್ತರೆ ಇನ್ನೊಂದು ಹಿಡಿಯುತ್ತದೆ. ಬಾವಿಗೆ ಬಿಂದಿಗೆ ಬಿಡುವಾಗ ಹಗ್ಗದ ತುದಿಯನ್ನು ಕಂಬಕ್ಕೆ ಕಟ್ಟುತ್ತಿದ್ದೆವಲ್ಲ, ಹಾಗೆ. ದಾರ ಗಿಡ್ಡವಾಗಿರಬೇಕು, ಚಾಲಕರ ಕೈಗೆ ಎಟುಕದಷ್ಟು.

ಕಾರು ತಪಾಸಣೆ ಮಾಡಲು ಬಂದವರು ಚಕ್ರದ ನಟ್ಟು, ಸೀಟ್ ಬೆಲ್ಟು ನೋಡಿ, ಕೊನೆಗೆ ಕ್ಯಾಮೆರಾವನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರು. ಸೀಟು ಅಲ್ಲಾಡಿತು, ಕ್ಯಾಮೆರಾ ಸೀಟಿನ ಮೇಲೆ ಅಲ್ಲಾಡಲಿಲ್ಲ. "ಯಾರು ಕಟ್ಟಿದ್ದು?" ಎಂದರು. ಮೊಮ್ಮಗ ಕೈ ಎತ್ತಿದ. ಅವರು ಅವನ ಭುಜ ತಟ್ಟಿ ಮುಂದೆ ಹೋದರು. ಮಕ್ಕಳಿಗೆ ಪಿಟ್ ಲೇನಿಗೆ, ಅಂದರೆ ಕಾರುಗಳು ಟ್ರ್ಯಾಕಿಗೆ ಇಳಿಯುವ ದಾರಿಗೆ, ಪ್ರವೇಶವಿಲ್ಲ. ಅವನ ಕೆಲಸವೆಲ್ಲ ಅದಕ್ಕೂ ಹಿಂದಿನ ಬಯಲಿನಲ್ಲೇ ಮುಗಿಯಬೇಕಿತ್ತು.

ಕ್ಯಾಮೆರಾದೊಳಗಿನ ಲೆಕ್ಕ

ಹವ್ಯಾಸವಿರುವ ಮಕ್ಕಳಿಗಾಗಿ ಅವನ ಹಾಳೆಯಿಂದ ಕೆಲವು ಸಾಲು.

ಮಂಜು: ಎ.ಸಿ. ಕಾರಿನಿಂದ ಹೊರಬಂದ ಕೂಡಲೇ ನನ್ನ ಕನ್ನಡಕ ಮಬ್ಬಾಯಿತು. ಕರಾವಳಿಯ ಹತ್ತಿರದ ಗಾಳಿಯಲ್ಲಿ ನೀರಿನ ಆವಿ ಹೆಚ್ಚು. ತಣ್ಣಗಿನ ಗಾಜು ಸಿಕ್ಕರೆ ಅದು ಹನಿಯಾಗುತ್ತದೆ. ಕ್ಯಾಮೆರಾದ ಕಣ್ಣಿಗೂ ಹೀಗೇ. ಅದಕ್ಕೆ ಬೇಕಾದ ಅರ್ಧ ಗಂಟೆ ಮೊದಲೇ ಅದನ್ನು ಹೊರಗಿನ ಗಾಳಿಗೆ ಒಗ್ಗಿಸಿ, ಮೆತ್ತನೆ ಬಟ್ಟೆಯಿಂದ ಒರೆಸಬೇಕು.

ಚಿತ್ರಗಳ ಸಂಖ್ಯೆ: ವಿಡಿಯೊ ಎಂದರೆ ಸಾಲುಸಾಲಾಗಿ ತೆಗೆದ ನಿಶ್ಚಲ ಚಿತ್ರಗಳು. ಗಂಟೆಗೆ 120 ಕಿ.ಮೀ. ಓಡುವ ಕಾರು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಸೆಕೆಂಡಿಗೆ 30 ಚಿತ್ರ ತೆಗೆದರೆ ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಕಾರು ಒಂದು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. 60 ತೆಗೆದರೆ ಅರ್ಧ ಮೀಟರ್ ಚಿಲ್ಲರೆ. ಕಲಿಯಲು ನೋಡುವ ಚಿತ್ರಕ್ಕೆ 60 ಒಳ್ಳೆಯದು.

ಬೆಳಕು: ಕಾರಿನೊಳಗೆ ಕತ್ತಲು, ಹೊರಗೆ ಬಿಸಿಲು. ಕ್ಯಾಮೆರಾ ಒಳಗಿನ ಕತ್ತಲನ್ನು ನೋಡಿ ಕಣ್ಣರಳಿಸಿದರೆ ಹೊರಗಿನ ರಸ್ತೆ ಸುಣ್ಣ ಬಳಿದ ಗೋಡೆಯಾಗುತ್ತದೆ. ಅದಕ್ಕೆ ಹೊರಗಿನ ಬೆಳಕನ್ನೇ ಅಳತೆಯಾಗಿ ಹಿಡಿಯಲು ಹೇಳಬೇಕು. ಬೆಳಕಿನ ಮಟ್ಟವನ್ನು ಅರ್ಧದಿಂದ ಒಂದು ಮೆಟ್ಟಿಲು ಇಳಿಸಬೇಕು. ಕೈ ಸ್ವಲ್ಪ ಕಪ್ಪಾಗಿ ಕಂಡರೂ ಪರವಾಗಿಲ್ಲ, ರಸ್ತೆ ಕಾಣಬೇಕು.

ಅಲುಗಾಟ ತಡೆಯುವ ಗುಂಡಿ: ಎಲ್ಲರೂ ಇದನ್ನು ಹಾಕಿಯೇ ಇಡುತ್ತಾರೆ. ಕೈಯಲ್ಲಿ ಹಿಡಿದು ಓಡುವಾಗ ಅದು ಬೇಕು. ಕಾರಿಗೆ ಗಟ್ಟಿಯಾಗಿ ಕಟ್ಟಿದಾಗ ಬೇಡ. ಏಕೆಂದರೆ ಕ್ಯಾಮೆರಾದೊಳಗಿನ ತಿರುಗುವಿಕೆ ಅಳೆಯುವ ಸಾಧನಕ್ಕೆ ತಿರುವಿನಲ್ಲಿ ಕಾರು ತಿರುಗಿದ್ದು ತಿಳಿಯುತ್ತದೆ. 'ಓ, ನಾನು ಅಲುಗಿದೆ' ಎಂದುಕೊಂಡು ಚಿತ್ರವನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ಆಗ ಸ್ಟೀರಿಂಗು, ಕೈ ಎಲ್ಲ ನೀರಿನಲ್ಲಿ ತೇಲಿದಂತೆ ಆಚೀಚೆ ಸರಿಯುತ್ತವೆ. ಗುಂಡಿ ಆರಿಸಿದರೆ ನೇರವಾಗುತ್ತದೆ.

ಜಾಗ: ಒಳ್ಳೆಯ ಗುಣಮಟ್ಟದಲ್ಲಿ ಈ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟ್. ಹಾಗಾದರೆ ಸೆಕೆಂಡಿಗೆ 12.5 ಮೆಗಾಬೈಟ್, ಇಪ್ಪತ್ತು ನಿಮಿಷಕ್ಕೆ 15 ಗಿಗಾಬೈಟ್. ನಾಲ್ಕು ಸರದಿಗೆ 60. ಕಾರ್ಡು 64ರದ್ದಾದರೆ ಬಿಗಿ, 128ರದ್ದಾದರೆ ನಿಶ್ಚಿಂತೆ. ಈ ಗುಣಾಕಾರ ಮಾಡಿದ್ದಕ್ಕೆ ನಾನು ಅವನಿಗೆ ಹತ್ತಕ್ಕೆ ಹತ್ತು ಕೊಟ್ಟೆ.

ಬಿಸಿ: ನಿಂತ ಕಾರಿನ ಶಾಖದಲ್ಲಿ ಇಂಥ ಕ್ಯಾಮೆರಾ ಕಾದು ತಾನೇ ಆರಿಹೋಗುತ್ತದೆ. ಆದ್ದರಿಂದ ಹೊರಡುವ ಎರಡು ನಿಮಿಷ ಮೊದಲು ಹಾಕಬೇಕು, ಬಂದ ಕೂಡಲೇ ಆರಿಸಿ ನೆರಳಿಗೆ ತರಬೇಕು.

ಮುಖ್ಯವಾದ ಇನ್ನೊಂದು ನಿಯಮ ಅಜ್ಜಿಯದು: ಕತ್ತರಿಸುವ ಹಾಗಿಲ್ಲ, ಹಾಡು ಸೇರಿಸುವ ಹಾಗಿಲ್ಲ, ಓಟ ಜೋರು ಮಾಡುವ ಹಾಗಿಲ್ಲ, ನಿಧಾನ ಮಾಡುವ ಹಾಗೂ ಇಲ್ಲ. ಇದ್ದದ್ದು ಇದ್ದ ಹಾಗೆ.

ಮಧ್ಯಾಹ್ನದ ಪತ್ತೆ

ಮೊದಲ ಸರದಿ ಒಂಬತ್ತಕ್ಕೆ. ಇಪ್ಪತ್ತು ನಿಮಿಷ. ನಾವು ನೋಡುಗರ ಜಾಗದಿಂದ ಮಗಳ ಬಿಳಿ ಕಾರನ್ನು ಹುಡುಕುತ್ತಿದ್ದೆವು. ಒಂದು ಸುತ್ತು ಮುಗಿಸಿ ನಮ್ಮ ಮುಂದೆ ಹಾದಳು. ಮತ್ತೆ ಎರಡೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಕಾಣೆ. ನಮ್ಮನೆಯವರು ಗಣಪನನ್ನು ಹಿಡಿದುಕೊಂಡು ನಿಂತಿದ್ದರು. ನಾಲ್ಕನೆಯ ಸುತ್ತಿಗೆ ಮೆಲ್ಲಗೆ ಹೇಳಿದರು: "ಎಲ್ಲಾ ಕಾರೂ ಬಲಕ್ಕೇ ಸುತ್ತುತಾವೆ ನೋಡಿ. ಪ್ರದಕ್ಷಿಣೆ." ಹೌದು, ಇಲ್ಲಿ ಕಾರುಗಳು ಓಡುವುದು ಗಡಿಯಾರದ ಮುಳ್ಳಿನಂತೆ. ಅವರ ಭಯ ಒಂದು ಎಳೆ ಸಡಿಲವಾಯಿತೆಂದು ನನಗೆ ಅನ್ನಿಸಿತು.

ಮಗಳು ಬಂದಾಗ ಮುಖ ಸಪ್ಪಗಿತ್ತು. ಒಂದು ತಿರುವಿನಲ್ಲಿ ಪ್ರತಿ ಸಲ ತಡವಾಗುತ್ತಿದೆ, ಏಕೆ ಎಂದು ತಿಳಿಯುತ್ತಿಲ್ಲ ಎಂದಳು. ತಿರುವು ದಾಟುವ ಕ್ರಮ ಪುಸ್ತಕದ ಪ್ರಕಾರ ಹೀಗೆ: ನೇರ ದಾರಿಯಲ್ಲೇ ಬ್ರೇಕ್ ಹಾಕಿ ವೇಗ ಇಳಿಸಬೇಕು. ಹೊರ ಅಂಚಿನಿಂದ ಒಳಗೆ ತಿರುಗಿ, ಒಳ ಅಂಚನ್ನು ಮುಟ್ಟಿದಂತೆ ಹಾದು, ಮತ್ತೆ ಹೊರ ಅಂಚಿಗೆ ಬಿಡಬೇಕು. ಹೀಗೆ ಮಾಡಿದರೆ ಗಿಡ್ಡ ತಿರುವೂ ದೊಡ್ಡ ಕಮಾನಾಗುತ್ತದೆ. ಇದೆಲ್ಲ ಅವಳಿಗೆ ಗೊತ್ತು. ಮಾಡುತ್ತಿದ್ದಾಳೆಂದೇ ಅವಳ ನಂಬಿಕೆ.

ಊಟದ ಹೊತ್ತಿನಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಮೊಮ್ಮಗ ಕ್ಯಾಮೆರಾದ ಚಿತ್ರವನ್ನು ಫೋನಿಗೆ ಇಳಿಸಿದ. ಆ ತಿರುವನ್ನು ಏಳು ಸುತ್ತಿನಲ್ಲೂ ಏಳು ಸಲ ನೋಡಿದ. ಆಮೇಲೆ ಹೇಳಿದ: "ಅಮ್ಮಾ, ಬೇರೆ ತಿರುವಲ್ಲೆಲ್ಲ ನೀನು ಸ್ಟೀರಿಂಗ್ ಒಂದೇ ಸಲ ತಿರುಗಿಸ್ತೀಯ. ಇಲ್ಲಿ ಮಾತ್ರ ಎರಡು ಸಲ. ಮೊದಲು ಸ್ವಲ್ಪ, ಆಮೇಲೆ ಮತ್ತೆ ಸ್ವಲ್ಪ."

ಮಗಳು ನೋಡಿದಳು. ಹೌದು, ಕೈ ಒಮ್ಮೆ ತಿರುಗಿ, ನಿಂತು, ಮತ್ತೆ ತಿರುಗುತ್ತಿತ್ತು. ಮಾರ್ಗದರ್ಶಕರನ್ನು ಕರೆದು ತೋರಿಸಿದಳು. ಅವರು ಚಿತ್ರವನ್ನು ಎರಡು ಸಲ ನೋಡಿ ಒಂದೇ ಮಾತು ಹೇಳಿದರು: "ನೀವು ಇಲ್ಲಿ ಹತ್ತಿರದ ಡಾಂಬರು ನೋಡ್ತಿದ್ದೀರಿ. ತಿರುವು ಮುಗಿಯೋ ಜಾಗ ನೋಡಿ. ಕಣ್ಣು ಹೋದ ಕಡೆ ಕೈ ಹೋಗುತ್ತೆ."

ನನಗೆ ಇದು ಬಹಳ ಹಿಡಿಸಿತು. ಓಡಿಸುವವರಿಗೆ ತಮ್ಮ ಕೈ ಕಾಣುವುದಿಲ್ಲ. ಅವರ ಕಣ್ಣು ರಸ್ತೆಯ ಮೇಲಿರುತ್ತದೆ. ಏಳನೇ ತರಗತಿಯ ಹುಡುಗನೊಬ್ಬ ಮೊಸರನ್ನ ತಿನ್ನುತ್ತ ಕಂಡದ್ದನ್ನು ಸ್ವತಃ ಓಡಿಸಿದವಳು ಕಂಡಿರಲಿಲ್ಲ. ಮಧ್ಯಾಹ್ನದ ಸರದಿಯಲ್ಲಿ ಅವಳು ಕಣ್ಣನ್ನು ದೂರಕ್ಕೆ ಕಳಿಸಿದಳು. ಬೆಳಿಗ್ಗೆ 2 ನಿಮಿಷ 46 ಸೆಕೆಂಡ್ ಹಿಡಿದಿದ್ದ ಸುತ್ತು 2 ನಿಮಿಷ 41ಕ್ಕೆ ಇಳಿಯಿತು.

ಅಜ್ಜಿಯ ತೀರ್ಪು

ರಾತ್ರಿ ವಸತಿಗೃಹದ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೆವು. ಅಜ್ಜಿ ಕನ್ನಡಕ ಒರೆಸಿ, ಮಂಚದ ಮೇಲೆ ಕಾಲು ಮಡಿಸಿ ಕೂತರು. ಮಗಳು ಬಾಗಿಲ ಹತ್ತಿರ ನಿಂತೇ ಇದ್ದಳು. ಮಧ್ಯಾಹ್ನದ ಸರದಿಯನ್ನು ಮೊದಲಿನಿಂದ ಹಾಕಿದ.

ಮೊದಲ ಸುತ್ತಿನಲ್ಲಿ ಅಜ್ಜಿ ಎರಡು ಸಲ "ನಾರಾಯಣ" ಎಂದರು. ಎರಡನೆಯದರಲ್ಲಿ ಒಂದು ಸಲ. ಹಿಂದಿನಿಂದ ಬಂದ ಜೋರು ಕಾರಿಗೆ ಮಗಳು ನೇರ ದಾರಿಯಲ್ಲಿ ಇಂಡಿಕೇಟರ್ ಹಾಕಿ ದಾರಿ ಬಿಟ್ಟಳು. "ಇದ್ಯಾಕೆ ಬಿಟ್ಲು?" ಎಂದು ಕೇಳಿದರು. ಇಲ್ಲಿ ಹಾಗೆಯೇ, ಮುಂದಿನವರು ಒಪ್ಪಿದ ಮೇಲೆಯೇ ಹಿಂದಿನವರು ದಾಟಬೇಕು ಎಂದು ಮೊಮ್ಮಗ ವಿವರಿಸಿದ.

ಐದನೆಯ ಸುತ್ತು. ಅದೇ ಅವಳ ದಿನದ ಅತ್ಯುತ್ತಮ ಸುತ್ತಾಗುವುದರಲ್ಲಿತ್ತು. ಮೊದಲ ತಿರುವುಗಳು ಚೆನ್ನಾಗಿ ಆಗಿದ್ದವು. ಆಗ ಚಿತ್ರದ ಎಡ ಮೂಲೆಯಲ್ಲಿ ಹಳದಿ ಬಟ್ಟೆಯೊಂದು ಬೀಸಿತು. ಮುಂದೆ ಯಾರದೋ ಕಾರು ತಿರುಗಿ ಮಣ್ಣಿಗೆ ಇಳಿದಿತ್ತು. ಹಳದಿ ಬಾವುಟ ಎಂದರೆ ಮುಂದೆ ಅಪಾಯವಿದೆ, ನಿಧಾನಿಸಿ, ಯಾರನ್ನೂ ದಾಟಬೇಡಿ ಎಂದರ್ಥ. ಕೆಂಪು ಬೀಸಿದರೆ ಓಟವನ್ನೇ ನಿಲ್ಲಿಸಿ ಮೆಲ್ಲಗೆ ಮರಳಬೇಕು. ಚೌಕಳಿ ಬಾವುಟ ಬಂದರೆ ಸರದಿ ಮುಗಿಯಿತು.

ಚಿತ್ರದಲ್ಲಿ ಎಂಜಿನ್ನಿನ ಸದ್ದು ಇಳಿಯಿತು. ಮಗಳ ಕೈಗಳು ಸ್ಟೀರಿಂಗಿನ ಮೇಲೆ ನೆಟ್ಟಗಿದ್ದವು, ಒಂದು ಕೂದಲೂ ನಡುಗಲಿಲ್ಲ. ಕಾರು ಮೆಲ್ಲಗೆ, ಊರಿನ ಬೀದಿಯಲ್ಲಿ ಹೋಗುವ ಹಾಗೆ, ಮಣ್ಣಿಗಿಳಿದ ಕಾರನ್ನು ದಾಟಿತು. ಅದರ ಚಾಲಕ ಒಳಗೆ ಕೂತೇ ಕೈ ಎತ್ತಿ ತೋರಿಸಿದ: ಏನೂ ಆಗಿಲ್ಲ. ಮಗಳು ತಲೆಯಾಡಿಸಿದಳು. ಆ ಸುತ್ತು ಮೂರು ನಿಮಿಷ ದಾಟಿತು.

"ನಿಲ್ಸು" ಎಂದರು ಅಜ್ಜಿ. ಮೊಮ್ಮಗ ನಿಲ್ಲಿಸಿದ. "ಹಿಂದಕ್ಕೆ ಹೋಗು. ಆ ಬಟ್ಟೆ ಬೀಸಿದ ಜಾಗಕ್ಕೆ." ಮತ್ತೆ ನೋಡಿದರು. ಬಟ್ಟೆ ಬೀಸಿದ್ದಕ್ಕೂ ಸದ್ದು ಇಳಿದದ್ದಕ್ಕೂ ಮೂರನೆಯ ಸಲ ನೋಡಿದಾಗಲೂ ನಡುವೆ ಅಂತರ ಸಿಗಲಿಲ್ಲ.

"ಓಡಿಸೋದು ಯಾರಾದ್ರೂ ಓಡಿಸ್ತಾರೆ. ನನ್ನ ಮಗಳಿಗೆ ನಿಧಾನ ಮಾಡೋದು ಗೊತ್ತಿದೆ" ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಅಲ್ಲಿ ಏನ್ ಮಾಡ್ತೀಯ, ಬಾ ಇಲ್ಲಿ ಕೂತ್ಕೋ. ಆದ್ರೆ ನಾಳೆ ಹೆದ್ದಾರೀಲಿ ಈ ಆಟ ಬೇಡ. ಅಲ್ಲಿ ಬಾವುಟ ಬೀಸೋರು ಯಾರೂ ಇರಲ್ಲ" ಎಂದರು.

ಮಗಳು ಬಂದು ಅವರ ಪಕ್ಕ ಕೂತಳು. ಉಳಿದ ಎರಡು ಸುತ್ತನ್ನು ನಾಲ್ವರೂ ಜೊತೆಗೆ ನೋಡಿದೆವು. ಮರುದಿನ ಬೆಂಗಳೂರಿನವರೆಗೆ ಕಾರಿನ ಮುಳ್ಳು ಎಂಬತ್ತನ್ನು ದಾಟಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಗಣಪ ತನ್ನ ಜಾಗದಲ್ಲಿದ್ದ.

ಹೋಗುವವರಿಗೆ

ಬೆಂಗಳೂರಿನಿಂದ ಸ್ವಂತ ವಾಹನದಲ್ಲಿ ಐದಾರು ಗಂಟೆಯ ದಾರಿ. ರೈಲಿನಲ್ಲಾದರೆ ಚೆನ್ನೈಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯಬಹುದು. ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತದೆ. ಬೆಳಿಗ್ಗೆ ಅಥವಾ ಸಂಜೆ ಹೋಗಿ. ಚೈತ್ರದ ಆರಿದ್ರಾ ನಕ್ಷತ್ರದಲ್ಲಿ ರಾಮಾನುಜರ ತಿರುನಕ್ಷತ್ರದ ಉತ್ಸವ ಜೋರು. ಟ್ರ್ಯಾಕಿಗೆ ಎಲ್ಲ ದಿನವೂ ಪ್ರವೇಶವಿರುವುದಿಲ್ಲ. ರೇಸ್ ಅಥವಾ ಟ್ರ್ಯಾಕ್ ಡೇ ಇರುವ ವಾರಾಂತ್ಯವನ್ನು ಮೊದಲೇ ವಿಚಾರಿಸಿ. ಟೋಪಿ, ನೀರು, ಮಕ್ಕಳ ಕಿವಿಗೆ ಹತ್ತಿ ಜೊತೆಗಿರಲಿ. ಕ್ಯಾಮೆರಾ ಒಯ್ಯುವುದಾದರೆ ನಿಯಮ ಕೇಳಿಕೊಂಡು, ಮನೆಯಲ್ಲೇ ಒಮ್ಮೆ ಕಟ್ಟಿ ಅಲ್ಲಾಡಿಸಿ ನೋಡಿ. ಎರಡನೆಯ ದಾರ ಮರೆಯಬೇಡಿ.